ಶಿವಾನಂದ ಪತ್ತಾರ ಚುಚ್ಚಿದ ಕಿವಿಗಳು

ಬ್ಯಾಡಗಿ ಪೇಟೆಯಲ್ಲಿ ನಡೆದು ಹೋಗುವವರ ಕಿವಿ ನೋಡಿದರೆ ಸಾಕು, ಅದು ತನ್ನ ಕೈಯ ಕೆಲಸ ಹೌದೋ ಅಲ್ಲವೋ ಎಂದು ಶಿವಾನಂದ ಪತ್ತಾರ ಥಟ್ಟನೆ ಹೇಳಿಬಿಡುತ್ತಾನೆ. ಅವನು ಚುಚ್ಚಿದ ತೂತು ಹಾಲೆಯ ನಟ್ಟನಡುವೆ ಇರುತ್ತದೆ, ಎಳ್ಳುಕಾಳಿನಷ್ಟೂ ಆಚೀಚೆ ಹೋಗಿರುವುದಿಲ್ಲ. ಬೇರೆಯವರ ಕೆಲಸವಾದರೆ ಮೂಗು ಮುರಿಯುತ್ತಾನೆ. ಈಗೀಗ ಮಷೀನಿನಲ್ಲಿ ಟಪ್ಪೆಂದು ಚುಚ್ಚಿ ಕಳಿಸುವ ಅಂಗಡಿಗಳು ಬಂದಿವೆ. ಅವುಗಳ ಸುದ್ದಿ ಎತ್ತಿದರೆ ಮುಗಿಯಿತು, ಅರ್ಧ ತಾಸು ಕೂತು ಕೇಳಬೇಕು. ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಬಾಯಲ್ಲಿ ಬೆಲ್ಲದ ಚೂರಿರಬೇಕು, ಬೆಲ್ಲ ಕರಗುವುದರೊಳಗೆ ಎರಡೂ ಕಿವಿ ಆಗಿಹೋಗಬೇಕು. ಅರವತ್ತನಾಲ್ಕು ತುಂಬಿದರೂ ಅವನ ಕೈ ನಡುಗುವುದಿಲ್ಲ. ಪೇಟೆಯಲ್ಲಿ ಈಗ ಮೀಸೆ ತಿರುವುತ್ತ ಓಡಾಡುವ ಎಷ್ಟೋ ಮಂದಿ ಒಂದು ಕಾಲಕ್ಕೆ ಅವನ ಮುಂದೆ ಕೂತು ಬೆಲ್ಲ ಚೀಪಿದವರೇ.

ಇಂಥವನ ಅಂಗಡಿಯಲ್ಲಿ ಒಂದು ಫ್ಯಾನಿಲ್ಲ. ಕೇಳಿದರೆ, ಗಾಳಿ ಬಿದ್ದರೆ ಬೆಸುಗೆಯ ಉರಿ ನಿಲ್ಲುವುದಿಲ್ಲ ಎನ್ನುತ್ತಾನೆ. ಬಂಗಾರದ ಕೆಲಸದವನ ಬಾಯಲ್ಲಿ ಆ ಮಾತು ಒಪ್ಪತಕ್ಕದ್ದೇ. ಆದರೆ ಮನೆಯಲ್ಲೂ ಅವನು ಫ್ಯಾನಿನ ಕೆಳಗೆ ಕೂಡುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಊರೆಲ್ಲ ಮೆಣಸಿನಕಾಯಿ ಘಾಟಿನಲ್ಲಿ ಬೆಂದು ಹೋಗುತ್ತಿರುವಾಗ ಕೂಡ ಬೆವರು ಒರೆಸಿಕೊಳ್ಳುತ್ತ ಮೂಲೆ ಹಿಡಿದು ಕೂಡುತ್ತಾನೆ. ಹೆಂಡತಿ ಕಾಳವ್ವ, ಹಿಂದಿನ ಜನ್ಮದಲ್ಲಿ ಇವರು ಕುಲುಮೆಯಾಗಿದ್ದರು ಎಂದು ನಗುತ್ತಿದ್ದಳು. ಕಾರಣ ಅವಳಿಗೂ ಬಹಳ ವರ್ಷ ಗೊತ್ತಿರಲಿಲ್ಲ. ಕಾರಣವಿರುವುದು ಗಾಳೇರಕೊಪ್ಪದಲ್ಲಿ.

ಗಾಳೇರಕೊಪ್ಪವೆಂದರೆ ಹಲಗೇರಿ ದಾಟಿ ಎರಡು ಮೈಲು ಒಳಗೆ ಇರುವ ಐವತ್ತು ಮನೆಯ ಊರು. ಅಲ್ಲಿಯ ಜನ ಗಾಳೇರು. ಅವರಿಗೆ ಗಾಳಿ ಹುಟ್ಟಿನಿಂದಲೇ ಬರುತ್ತದೆ. ಯಾರೂ ಕಲಿಸುವುದಿಲ್ಲ, ಮಂತ್ರವಿಲ್ಲ, ತಾಯತವಿಲ್ಲ. ಕೂಸು ಹುಟ್ಟಿ ಮೊದಲ ಸಲ ಅತ್ತಾಗ ಕೋಣೆಯ ದೀಪ ಒಂದು ಸಲ ಬಾಗುತ್ತದೆ, ಸೂಲಗಿತ್ತಿ ಅದನ್ನು ನೋಡಿಯೇ ಕೂಸು ಗಟ್ಟಿಯಿದೆ ಎನ್ನುತ್ತಾಳೆ. ಐದಾರು ವರ್ಷಕ್ಕೆ ಮಕ್ಕಳು ಕಿವಿಯ ಹಿಂದೆ ಅಂಗೈ ಹಿಡಿದು ಮೂಗಿನಲ್ಲಿ ಹೂಂಗುಟ್ಟುವುದನ್ನು ತಾವಾಗಿಯೇ ಕಂಡುಕೊಳ್ಳುತ್ತವೆ. ಹೂಂಗುಟ್ಟಿದರೆ ಗಾಳಿ ಬರುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಕಣದಲ್ಲಿ ಜೋಳದ ರಾಶಿ ಬಿದ್ದು, ತೂರಲು ಗಾಳಿಯಿಲ್ಲದೆ ರೈತರು ಆಕಾಶ ನೋಡುತ್ತ ಕೂತಾಗ, ಹಲಗೇರಿಯಿಂದ ಮೇಡ್ಲೇರಿಯವರೆಗೆ ಎಲ್ಲರೂ ಗಾಡಿ ಕಟ್ಟಿ ಗಾಳೇರಕೊಪ್ಪಕ್ಕೆ ಬರುತ್ತಿದ್ದರು. ಗಾಡಿಯಲ್ಲಿ ಹೋದ ಗಾಳೇರು ರಾಶಿಯ ಪಕ್ಕ ಕೂತು, ಹೊಟ್ಟು ಹಾರಿ ಕಾಳು ನಿಲ್ಲುವಷ್ಟೇ ಗಾಳಿ ಕರೆದು, ಒಂದು ಮೊರ ಕಾಳು ಇಸಿದುಕೊಂಡು ಹೋಗುತ್ತಿದ್ದರು.

ಈ ಗಾಳಿ ಇರುವುದು ಕಿವಿಯ ಹಾಲೆಯಲ್ಲಿ. ಅಲ್ಲಿ ಲೋಹ ದಾಟಿತೆಂದರೆ ಗಾಳಿ ಹೋಯಿತು. ಅದಕ್ಕೇ ಶಿವಾನಂದನ ಅಪ್ಪ ತಂತಿ ಕೈಗೆ ತೆಗೆದುಕೊಳ್ಳುವ ಮೊದಲು ಯಾರೇ ಬಂದಿರಲಿ, ಯಾವ ಊರಿನವರು ಎಂದು ಕೇಳುತ್ತಿದ್ದ. ಗಾಳೇರಕೊಪ್ಪ ಎಂದರೆ ಕೂಸಿನ ಬಾಯಿಗೆ ಬೆಲ್ಲ ಹಾಕಿ, ತಲೆ ಸವರಿ, ಕಿವಿ ಮುಟ್ಟದೆ ಕಳಿಸಿಬಿಡುತ್ತಿದ್ದ. ಅದು ಅವನ ಅಂಗಡಿಯ ಕಟ್ಟಳೆ. ಕಟ್ಟಳೆ ಹುಟ್ಟಿದ್ದು ಅವನದೇ ಒಂದು ತಪ್ಪಿನಿಂದ. ಹರೆಯದಲ್ಲಿ ಅವನು ಒಬ್ಬ ಗಾಳೇರ ಮದುಮಗಳಿಗೆ ಕಿವಿ ಚುಚ್ಚಿದ್ದ. ಮದುವೆಯಾಗಿ ದೂರದ ಊರಿಗೆ ಹೋದ ಆಕೆ ಮುಂದೆ ಓಲೆ ತೆಗೆದಿಟ್ಟು, ತೂತು ಮುಚ್ಚಿಸಿಕೊಂಡು, ಮುಪ್ಪಿನವರೆಗೂ ಕಾದಳು. ಗಾಳಿ ತಿರುಗಿ ಬರಲಿಲ್ಲ. ಇದನ್ನು ಅಪ್ಪ ಶಿವಾನಂದನಿಗೆ ಒಂದಲ್ಲ, ಹತ್ತು ಸಲ ಹೇಳಿದ್ದ. ಆದ್ದರಿಂದ ಶಿವಾನಂದನಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಅವನಿಗೆ ಗೊತ್ತಿತ್ತು. ಕಥೆಯ ತಿರುಳು ಅದೇ.

ಮುಂದೆ ರಾಶಿ ಮಾಡುವ ಮಷೀನುಗಳು ಬಂದವು. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ತಾನೇ ಬೀಳತೊಡಗಿದ ಮೇಲೆ ಗಾಳೇರನ್ನು ಕರೆಯಲು ಗಾಡಿ ಯಾರು ಕಟ್ಟುತ್ತಾರೆ? ಕರೆಯುವುದು ನಿಂತಿತು, ಬಯ್ಯುವುದು ಮಾತ್ರ ಉಳಿಯಿತು. ಯಾರ ಮನೆಯ ತಗಡು ಹಾರಿದರೂ ಗಾಳೇರೇ ಹಾರಿಸಿದ್ದು, ಯಾರ ಬಾಳೆ ಮುರಿದರೂ ಗಾಳೇರ ಹೊಟ್ಟೆಕಿಚ್ಚು. ಗಾಳೇರ ಹೆಂಗಸರು ಬ್ಯಾಡಗಿಗೆ ಬಂದು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಸೇರಿಕೊಂಡರು. ಒಂದು ಮಾರ್ಚಿನಲ್ಲಿ, ಪೇಟೆಯ ತುಂಬ ಕಾಯಿ ಹರವಿದ್ದಾಗ, ಸುಂಟರಗಾಳಿ ಎದ್ದು ಹತ್ತು ಜನರ ರಾಶಿ ಒಂದಾಯಿತು. ಖಾರದ ಧೂಳಿಗೆ ಪೇಟೆಯೇ ಕಣ್ಣು ಮುಚ್ಚಿಕೊಂಡು ಓಡಾಡಿತು. ಆ ಗಾಳಿ ಯಾರು ಕರೆದದ್ದು, ಕರೆದದ್ದೋ ತಾನಾಗಿ ಬಂದದ್ದೋ, ದೇವರಿಗೇ ಗೊತ್ತು. ಮಾರ್ಚಿನಲ್ಲಿ ಬಯಲುಸೀಮೆಗೆ ಸುಂಟರಗಾಳಿ ಹೊಸದಲ್ಲ. ಆದರೂ ಮರುದಿನದಿಂದ ಮೆಣಸಿನಕಾಯಿ ಅಂಗಡಿಗಳ ಬಾಗಿಲಲ್ಲಿ ಹೆಂಗಸರ ಕಿವಿ ನೋಡಿ ಒಳಗೆ ಬಿಡುವುದು ಶುರುವಾಯಿತು. ತೂತು ಇದ್ದರೆ ಕೆಲಸ, ಇಲ್ಲದಿದ್ದರೆ ಮನೆ.

ಆಗ ಲಕ್ಷ್ಮಪ್ಪ ಎಂಬ ದಲಾಲ ಒಂದು ಯೋಜನೆ ತೆಗೆದ. ಮನುಷ್ಯ ಕೆಟ್ಟವನಲ್ಲ, ಹತ್ತು ಜನರಿಗೆ ಉಪಕಾರ ಮಾಡಿ ಅದನ್ನು ಇಪ್ಪತ್ತು ಜನರಿಗೆ ಹೇಳುವ ಜಾತಿಯವನು. ಗಾಳೇರಕೊಪ್ಪದ ಮಕ್ಕಳಿಗೆಲ್ಲ ಒಂದೇ ದಿನ ಕಿವಿ ಚುಚ್ಚಿಸೋಣ, ಕಿವಿಗೆ ಹಾಕುವ ಮುರುವು ತಾನು ಕೊಡುತ್ತೇನೆ, ಅವರೂ ನಾಲ್ಕು ಜನರ ಹಾಗೆ ಆಗಲಿ ಎಂದ. ಚುಚ್ಚುವುದಕ್ಕೆ ಶಿವಾನಂದನನ್ನು ಕೇಳಿದ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಪೇಟೆಯಲ್ಲಿ ಇನ್ನೂ ಎಲ್ಲರೂ ಅವನನ್ನು ಇಂಥವರ ಮಗ ಎಂದೇ ಕರೆಯುತ್ತಿದ್ದರು, ಅವನ ಹೆಸರಿನಿಂದಲ್ಲ. ಲಕ್ಷ್ಮಪ್ಪ ಶಾಲು ಹೊದಿಸುತ್ತೇನೆಂದ, ಊರಿನವರೆಲ್ಲ ಇರುತ್ತಾರೆಂದ. ಶಿವಾನಂದ ಒಪ್ಪಿಕೊಂಡ. ಗಾಳೇರೇ ಬೇಡಿಕೊಂಡಿದ್ದಾರೆ, ಮಕ್ಕಳ ಹೊಟ್ಟೆಪಾಡಿನ ಮಾತು, ತಾನು ಬೇಡವೆನ್ನಲು ಯಾರು ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದು ಪೂರ್ತಿ ಸುಳ್ಳೂ ಅಲ್ಲ. ಗುತ್ತೆವ್ವ ಎಂಬ ಹೆಂಗಸು ಅಂಗಡಿಗೆ ಬಂದು, ತನ್ನ ಮಗಳು ತನ್ನ ಹಾಗೆ ಬಾಗಿಲಲ್ಲಿ ತಿರುಗಿಸಿ ಕಳಿಸಿಕೊಳ್ಳುವುದು ಬೇಡ ಎಂದು ಕೈ ಮುಗಿದಿದ್ದಳು.

ಗಾಳೇರಕೊಪ್ಪದ ಬೇವಿನ ಕಟ್ಟೆಯ ಮೇಲೆ ಚಾಪೆ ಹಾಸಿದರು. ನಲವತ್ತೊಂದು ಮಕ್ಕಳು ಸಾಲಾಗಿ ನಿಂತಿದ್ದವು. ಮೊದಲು ಕೂತದ್ದು ಗುತ್ತೆವ್ವನ ಮಗಳು, ಒಂಬತ್ತು ವರ್ಷದ ದುರ್ಗಾ. ಶಿವಾನಂದ ಹಾಲೆಯ ಮೇಲೆ ಕುಂಕುಮದ ಚುಕ್ಕೆ ಇಟ್ಟು, ಬಂಗಾರದ ತಂತಿ ಹಿಡಿದ. ಹುಡುಗಿ ಬೆಲ್ಲ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಅವನ ಮುಖ ನೋಡಿದಳು.

"ಕಾಕಾ, ಮುಂದ ಮುರುವು ತಗದು ತೂತು ಮುಚ್ಚಿದ್ರ, ಗಾಳಿ ಮತ್ತ ಬರತೈತೇನ್ರಿ?"

ಸಾಲಿನಲ್ಲಿದ್ದ ಮಕ್ಕಳೆಲ್ಲ ಕಿವಿ ನಿಮಿರಿಸಿದವು. ಶಿವಾನಂದನಿಗೆ ಅದು ಕಂಡಿತು. ಇಲ್ಲವೆಂದರೆ ಈ ಹುಡುಗಿ ಎದ್ದು ಓಡುತ್ತಾಳೆ, ಅವಳ ಹಿಂದೆ ನಲವತ್ತೂ ಓಡುತ್ತವೆ, ಲಕ್ಷ್ಮಪ್ಪ ಶಾಲು ಹಿಡಿದುಕೊಂಡು ನಿಂತಿರುತ್ತಾನೆ. ಇಷ್ಟೇ ಅವನ ತಲೆಯಲ್ಲಿ ಹಾದು ಹೋದದ್ದು. ಬೇರೆ ಯಾವ ದೊಡ್ಡ ವಿಚಾರವೂ ಇರಲಿಲ್ಲ.

"ಬರತೈತಿ ತಂಗಿ," ಎಂದ. "ತೂತು ಮುಚ್ಚಿದ ಮ್ಯಾಲೆ ಸಾವಕಾಶ ಬರತೈತಿ."

ಹುಡುಗಿ ಬೆಲ್ಲ ಬಾಯಿಗೆ ಹಾಕಿಕೊಂಡಳು, ಕುತ್ತಿಗೆ ನೆಟ್ಟಗೆ ಮಾಡಿ ಕೂತಳು. ತಂತಿ ದಾಟಿದಾಗ ಬೇವಿನ ಎಲೆಗಳು ಒಮ್ಮೆ ಅಲುಗಿ ನಿಂತವು. ಆ ದಿನ ನಲವತ್ತೊಂದು ಸಲ ಎಲೆಗಳು ಹಾಗೆ ಅಲುಗಿದವು. ಒಂದು ಮಗುವೂ ಅಳಲಿಲ್ಲ. ಪತ್ತಾರನ ಕೈಗುಣ ನೋಡಿ ಎಂದು ಲಕ್ಷ್ಮಪ್ಪ ಭಾಷಣದಲ್ಲಿ ಹೊಗಳಿದ, ಶಾಲು ಹೊದಿಸಿದ. ಶಾಲು ಈಗಲೂ ಕಾಳವ್ವನ ಟ್ರಂಕಿನಲ್ಲಿದೆ, ಬಿಚ್ಚಿದ ಗುರುತಿಲ್ಲ.

ಅಲ್ಲಿಂದ ಮುಂದೆ ಗಾಳೇರ ಕೂಸುಗಳೆಲ್ಲ ಮೂರನೆಯ ತಿಂಗಳಿಗೆ ಅವನ ಅಂಗಡಿಗೇ ಬರತೊಡಗಿದವು. ಅವನು ಊರು ಕೇಳುವುದನ್ನು ಬಿಟ್ಟ. ಅಂಗಡಿಯ ಗೋಡೆಯ ಕ್ಯಾಲೆಂಡರು ಒಂದು ಸಲ ಅಲುಗಿದರೆ ಅದು ಗಾಳೇರ ಕೂಸೆಂದು ಅವನಿಗೇ ಗೊತ್ತಾಗುತ್ತಿತ್ತು. ಕ್ಯಾಲೆಂಡರನ್ನು ತೆಗೆದು ಒಳಗಿಟ್ಟ. ಗಾಳಿ ಮೈಗೆ ತಾಗಿದರೆ ಹುಡುಗಿಯ ಪ್ರಶ್ನೆ ನೆನಪಾಗುತ್ತಿತ್ತು, ಹಾಗಾಗಿ ಫ್ಯಾನು ಕೂಡ ಬೇಡವಾಯಿತು. ಗಾಳೇರು ಕೆಲಸಕ್ಕೆ ಹೋದರು, ಶಾಲೆಗೆ ಹೋದರು, ರಾಣೆಬೆನ್ನೂರಲ್ಲಿ ಬಾಡಿಗೆ ಮನೆ ಹಿಡಿದರು. ಯಾರೂ ಬೈಯಲಿಲ್ಲ. ಎದುರಿಗೆ ಸಿಕ್ಕರೆ ಕೈ ಮುಗಿಯುತ್ತಿದ್ದರು. ಅದೇ ಅವನಿಗೆ ಹೆಚ್ಚು ಸಂಕಟವಾಗುತ್ತಿತ್ತು. ಬೈದಿದ್ದರೆ ಒಂದಿಷ್ಟು ವಾದ ಮಾಡಿ ಹಗುರಾಗಬಹುದಿತ್ತು.

ಕಳೆದ ಜೂನಿನ ಒಂದು ಬೆಳಿಗ್ಗೆ ಮೂವತ್ತೈದರ ಒಬ್ಬ ಹೆಂಗಸು ಎರಡು ಜಡೆಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದಳು. ಶಿವಾನಂದ ಅಭ್ಯಾಸದಂತೆ ಮೊದಲು ಕಿವಿ ನೋಡಿದ. ಹೆಂಗಸಿನ ಕಿವಿಯಲ್ಲಿ ಓಲೆಯಿರಲಿಲ್ಲ. ಹಾಲೆಯ ನಟ್ಟನಡುವೆ ಸಣ್ಣ ಗುಳಿ ಬಿದ್ದು ಮುಚ್ಚಿದ ಗುರುತು ಮಾತ್ರ ಇತ್ತು. ಅದು ತನ್ನ ಕೈಯ ಕೆಲಸ ಎಂದು ಅವನಿಗೆ ತಿಳಿಯಿತು. ಹೆಂಗಸು ಜಡೆ ಸರಿಸಿ ತೋರಿಸಿದ ಹುಡುಗಿಯ ಕಿವಿ ಎರಡೂ ಬೋಳು, ಒಂದು ಗೀರೂ ಇಲ್ಲ.

ಅವಳೇ ದುರ್ಗಾ, ಗುತ್ತೆವ್ವನ ಮಗಳು. ಜೊತೆಗಿದ್ದವಳು ಅವಳ ಮಗಳು ದೀಪಾಲಿ, ಒಂಬತ್ತು ವರ್ಷ. ದುರ್ಗಾ ಕೂತುಕೊಂಡು, ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ ಸಂಗತಿ ಹೇಳಿದಳು. ಮದುವೆಯಾಗಿ ಮೇಡ್ಲೇರಿಯಲ್ಲಿದ್ದಾಳೆ. ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಎದ್ದು ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಒಂದೊಂದಾಗಿ ಕೈಯಿಂದ ಮುಟ್ಟಿಸುವ ಕೆಲಸ. ಆ ಹೊಲದಲ್ಲಿ ಗಾಳಿ ಬೀಸಬಾರದು, ಬೀಸಿದರೆ ಪುಡಿ ಬೆರೆತು ಬೀಜ ಕೆಡುತ್ತದೆ. ಮಗಳನ್ನು ಅವಳು ಕಿವಿ ಚುಚ್ಚಿಸದೆ ಬೆಳೆಸಿದ್ದಾಳೆ, ಜಡೆಯನ್ನು ಕಿವಿಯ ಮೇಲೆ ಇಳಿಸಿ ಕಟ್ಟಿ ಮುಚ್ಚಿಟ್ಟಿದ್ದಾಳೆ. ಬೇಸಿಗೆಯ ರಜೆಯಲ್ಲಿ ಹುಡುಗಿ ಹೊಲಕ್ಕೆ ಬಂದು, ಸೆಖೆಯಲ್ಲಿ ಬೆವರುತ್ತಿದ್ದ ಅವ್ವನನ್ನು ನೋಡಲಾರದೆ, ಕಿವಿಯ ಹಿಂದೆ ಕೈ ಹಿಡಿದಿದ್ದಾಳೆ. ನಾಲ್ಕು ಸಾಲು ಹೂವು ಕೆಟ್ಟವು. ಹೊಲದ ಯಜಮಾನ ಕೂಗಾಡಲಿಲ್ಲ. ಹುಡುಗಿಯ ಕಿವಿ ಚುಚ್ಚಿಸಿಕೊಂಡು ಬಾ, ಇಲ್ಲದಿದ್ದರೆ ಬರಬೇಡ ಎಂದ. ಮುಂಗಾರಿನ ಕೆಲಸ ಬರುವ ಸೋಮವಾರ ಶುರು.

"ಚುಚ್ಚಸಾಕ ಬಂದೇವ್ರಿ," ಎಂದಳು ದುರ್ಗಾ. "ಆದ್ರ ಮೊದಲ ಈಕಿಗೆ ಖರೇ ಹೇಳ್ರಿ. ನನಗ ಹೇಳಿದಂಗ ಹೇಳಬ್ಯಾಡ್ರಿ."

ದುರ್ಗಾ ತನ್ನ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಅವನಿಗೆ ತೋರಿಸಿದಳು. ಹದಿನೇಳನೆಯ ವಯಸ್ಸಿಗೆ ಮುರುವು ತೆಗೆದಿಟ್ಟಿದ್ದಳಂತೆ. ತೂತು ಒಂದು ವರ್ಷಕ್ಕೆ ಮುಚ್ಚಿತಂತೆ. ಅಂದಿನಿಂದ ಬೆಳಗಾದರೆ ಹಿತ್ತಲಿಗೆ ಹೋಗಿ ಕಿವಿಯ ಹಿಂದೆ ಕೈ ಹಿಡಿಯುತ್ತಾಳಂತೆ. ತಾಯಿಯಾದ ಮೇಲೆ ಬರುತ್ತದೇನೋ ಎಂದುಕೊಂಡಳು, ಬರಲಿಲ್ಲ. ಮಗಳಿಗೆ ಬಂತು. ತನಗೆ ಬರುವುದಿಲ್ಲವೆಂದು ಅವಳಿಗೆ ಅರ್ಥವಾದದ್ದು ಮಗಳನ್ನು ನೋಡಿದ ಮೇಲೆ. ಮಗಳ ಕೈಯಡಿಯ ಹಾಲೆ ತಂಪಾಗಿರುತ್ತದೆ, ತನ್ನದು ಬರೀ ಚರ್ಮದ ಹಾಗಿದೆ.

ಶಿವಾನಂದ ತಂತಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ತಪ್ಪಾಯಿತು ಎಂದ. ಇನ್ನು ತಾನು ಯಾವ ಗಾಳೇರ ಕಿವಿಯನ್ನೂ ಮುಟ್ಟುವುದಿಲ್ಲ, ಅಪ್ಪನ ಕಟ್ಟಳೆಯನ್ನು ಇವತ್ತಿನಿಂದ ಮತ್ತೆ ಹಿಡಿಯುತ್ತೇನೆ, ಮಗಳನ್ನು ಹಾಗೇ ಕರೆದುಕೊಂಡು ಹೋಗು ಎಂದ. ಹೇಳುತ್ತಿದ್ದ ಹಾಗೆ ಅವನ ಎದೆ ಹಗುರಾಯಿತು. ಇಷ್ಟು ವರ್ಷದ ಭಾರ ಇಷ್ಟು ಸುಲಭಕ್ಕೆ ಇಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರೂ ಬಂತು.

ದುರ್ಗಾ ಅವನ ಕಣ್ಣೀರಿಗೆ ಕರಗಲಿಲ್ಲ.

"ಆವತ್ತೂ ನೀವ ತೀರ್ಮಾನ ಮಾಡಿದ್ರಿ, ಇವತ್ತೂ ನೀವ ಮಾಡ್ತೀರೇನ್ರಿ?" ಎಂದಳು. "ನಿಮ್ಮ ತಪ್ಪು ನಿಮ್ಮ ಹಂತ್ಯಾಕ ಇರಲಿ. ನನ್ನ ಮಗಳ ಕಿವ್ಯಾಗ ಅದನ್ನ ತೊಳಕೋಬ್ಯಾಡ್ರಿ. ಕೆಲಸ ಹೋದ್ರ ಉಪವಾಸ ಬೀಳಾವ್ರು ನಾವು, ನೀವಲ್ಲ."

ಅವನ ಎದೆ ಮತ್ತೆ ಮೊದಲಿನ ಹಾಗಾಯಿತು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಅವನು ಅಲ್ಲಗಳೆಯುವ ಹಾಗಿರಲಿಲ್ಲ. ತಾನು ಒಳ್ಳೆಯವನಾಗುವ ಅವಸರದಲ್ಲಿ, ಹುಡುಗಿಯನ್ನು ಒಂದು ಮಾತೂ ಕೇಳಿರಲಿಲ್ಲ. ಅಂದು ಚುಚ್ಚುವಾಗಲೂ ಕೇಳಿರಲಿಲ್ಲ, ಇಂದು ಚುಚ್ಚುವುದಿಲ್ಲವೆನ್ನುವಾಗಲೂ ಕೇಳಲಿಲ್ಲ.

ದೀಪಾಲಿ ಅಷ್ಟು ಹೊತ್ತೂ ಮಣೆಯ ತುದಿಯಲ್ಲಿ ಕೂತು, ಅಗ್ಗಿಷ್ಟಿಕೆಯಲ್ಲಿ ಬೂದಿ ಮುಚ್ಚಿಕೊಳ್ಳುತ್ತಿದ್ದ ಕೆಂಡವನ್ನು ನೋಡುತ್ತಿದ್ದಳು. ದುರ್ಗಾ ಅವಳ ಭುಜ ಮುಟ್ಟಿ, ನಿನಗೆ ಏನು ಕೇಳಬೇಕೋ ಕೇಳು ಎಂದಳು. ಹುಡುಗಿ ಶಿವಾನಂದನ ಕಡೆ ತಿರುಗಿದಳು.

"ಅಜ್ಜಾ, ಮತ್ತ ಬರತೈತೇನ್ರಿ ಅದು?"

ಅದೇ ಪ್ರಶ್ನೆ. ಇಪ್ಪತ್ತಾರು ವರ್ಷದಲ್ಲಿ ಕಾಕಾ ಎನ್ನುವುದು ಅಜ್ಜ ಎಂದಾಗಿತ್ತು, ಅಷ್ಟೇ ಬದಲಾವಣೆ.

"ಬರೂದಿಲ್ಲವ್ವ," ಎಂದ ಶಿವಾನಂದ. "ಒಮ್ಮೆ ಹೋತಂದ್ರ ಹೋತು. ನಿಮ್ಮವ್ವಗ ಬರತೈತಿ ಅಂತ ಹೇಳಿದ್ನಲ್ಲ, ಅದು ಸುಳ್ಳು. ನನಗ ಆವತ್ತ ಗೊತ್ತಿತ್ತು."

ಆ ಕೊನೆಯ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ದುರ್ಗಾ ಅವನನ್ನು ನೋಡಿದಳು. ಗೊತ್ತಿಲ್ಲದೆ ಹೇಳಿರಬಹುದು ಎಂದು ಅವಳು ಇಷ್ಟು ದಿನ ನಂಬಿದ್ದಳೋ ಏನೋ, ಅವಳ ಮುಖ ಸಣ್ಣದಾಯಿತು. ಮಗಳ ಕಡೆ ತಿರುಗಿ ಇನ್ನೊಂದು ಪಕ್ಕವನ್ನೂ ಹೇಳಿದಳು. ಚುಚ್ಚಿಸಿಕೊಂಡರೆ ಹೊಲಕ್ಕೆ ಬರಬಹುದು, ಯಾರೂ ಬೈಯುವುದಿಲ್ಲ, ಜಡೆ ಎತ್ತಿ ಕಟ್ಟಬಹುದು. ಬಿಟ್ಟರೆ ಕಿವಿ ಮುಚ್ಚಿಕೊಂಡು ಓಡಾಡಬೇಕು, ನಾಲ್ಕು ಜನರ ಮಾತು ಕೇಳಬೇಕು, ಅವ್ವನ ಕೆಲಸ ಹೋಗಬಹುದು, ಹೋದರೆ ಇನ್ನೊಂದು ನೋಡಿಕೊಳ್ಳುತ್ತೇನೆ. ಯಾವುದಾದರೂ ಸರಿ ಎಂದಳು.

ಹುಡುಗಿ ಕಿವಿಯ ಹಿಂದೆ ಅಂಗೈ ಹಿಡಿದು ಮೂಗಿನಲ್ಲಿ ಹೂಂಗುಟ್ಟಿದಳು. ಗಾಳಿಯಾಡದ ಅಂಗಡಿಯೊಳಗೆ, ಎಲ್ಲಿಂದಲೋ ಗೊತ್ತಿಲ್ಲ, ಗಾಳಿ ಬಂತು. ಅಗ್ಗಿಷ್ಟಿಕೆಯ ಬೂದಿ ಸರಿದು ಕೆಂಡ ಊದದೆಯೇ ಕೆಂಪಾಯಿತು. ದುರ್ಗಾಳ ಹಣೆಯ ಕೂದಲು ಹಿಂದೆ ಹೋಯಿತು, ಅವಳು ಕಣ್ಣು ಮುಚ್ಚಿಕೊಂಡಳು. ಶಿವಾನಂದ ಗಾಳಿಗೆ ಮುಖ ಕೊಡದೆ ಎಷ್ಟೋ ವರ್ಷವಾಗಿತ್ತು. ಇಂದು ತಿರುಗಿಕೊಳ್ಳಲಿಲ್ಲ. ಅದು ಬೆವರಿದ ಕುತ್ತಿಗೆಗೆ ತಾಗಿತು, ಹಿತವಾಗಿತ್ತು. ಹಿತವಾಗಿದ್ದಕ್ಕೇ ಅವನಿಗೆ ಅಳು ಬಂತು. ಇಂಥದ್ದನ್ನು ತಾನು ನಲವತ್ತೊಂದು ಸಲ, ಆಮೇಲೆ ಎಣಿಸದಷ್ಟು ಸಲ, ಮುಖ ಕೂಡ ಕೊಡದೆ ಮುಗಿಸಿದ್ದ.

ದೀಪಾಲಿ ಕೈ ಇಳಿಸಿದಳು. ಈಗ ಬೇಡ ಎಂದಳು. ದೊಡ್ಡವಳಾದ ಮೇಲೆ ಬೇಕೆನಿಸಿದರೆ ತಾನೇ ಬರುತ್ತೇನೆ ಎಂದಳು.

ಸೋಮವಾರದ ಕೆಲಸ, ಮನೆಯ ಒಲೆ, ಯಜಮಾನನ ಮುಖ ಎಲ್ಲ ದುರ್ಗಾಳ ಕಣ್ಣ ಮುಂದೆ ಹಾದುಹೋದದ್ದು ಶಿವಾನಂದನಿಗೂ ಕಾಣುವಂತಿತ್ತು. ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಹೊಲಕ್ಕೆ ತರದೆ ಪಕ್ಕದ ಮನೆಯಲ್ಲಿ ಬಿಡುತ್ತೇನೆ, ಯಜಮಾನ ಒಪ್ಪಿದರೆ ಒಪ್ಪಲಿ ಎಂದು ತನಗೆ ತಾನೇ ಎಂಬಂತೆ ಹೇಳಿಕೊಂಡಳು. ಮಗಳ ಜಡೆಯನ್ನು ಕಿವಿಯ ಮೇಲೆ ಸರಿಮಾಡಿ ಎದ್ದಳು. ಮೆಟ್ಟಿಲು ಇಳಿದು ತಿರುಗಿ ನಿಂತಳು.

"ನನಗೊಬ್ಬಾಕಿಗೆ ಹೇಳಿದ್ರಿ ಅಂತ ತಿಳ್ಕೊಂಡೀರೇನ್ರಿ ನೀವು? ಆವತ್ತ ಸಾಲಿನ್ಯಾಗ ನಿಂತ ಎಲ್ಲಾರೂ ಕೇಳ್ಯಾರ. ಇನ್ನೂ ಕಾಯಾಕತ್ತಾರ. ಅವರಿಗೆ ಯಾರ ಹೇಳ್ತಾರ್ರಿ?"

ಆ ಮಾತು ಶಿವಾನಂದನನ್ನು ಮೂರು ದಿನ ಊಟಕ್ಕೆ ಕೂಡಗೊಡಲಿಲ್ಲ. ಮಕ್ಕಳು ಅಂದು ಅಳದೇ ಇದ್ದದ್ದು ತನ್ನ ಕೈಗುಣಕ್ಕಲ್ಲ ಎಂಬುದು ಅವನಿಗೆ ಈಗ ತಿಳಿಯಿತು. ಅವು ನಂಬಿ ಕೂತಿದ್ದವು. ಗಾಳಿಯನ್ನು ಅವರು ಬಿಟ್ಟುಕೊಟ್ಟಿರಲೇ ಇಲ್ಲ. ನಾಲ್ಕು ದಿನ ಬದಿಗಿಟ್ಟಿದ್ದೇವೆ ಎಂದುಕೊಂಡಿದ್ದರು. ಮಕ್ಕಳ ಮಾತು ಕೇಳಿ ದೊಡ್ಡವರೂ ಹಾಗೇ ನಂಬಿದ್ದರು. ಕಿವಿಯ ವಿಷಯದಲ್ಲಿ ಪತ್ತಾರನ ಮಾತಿಗೆ ಎದುರಾಡುವವರು ಯಾರು?

ನಾಲ್ಕನೆಯ ದಿನ ಅವನು ಕಾಳವ್ವನಿಗೆ ಎಲ್ಲವನ್ನೂ ಹೇಳಿದ. ಅವಳು ನಗಲಿಲ್ಲ, ಬೈಯಲೂ ಇಲ್ಲ. ಹೋಗಿ ಹೇಳಿ ಬರ್ರಿ ಎಂದಳು. ಡಬ್ಬಿಯನ್ನು ಯಾಕೆ ಚೀಲಕ್ಕೆ ಹಾಕಿಕೊಂಡನೋ ಅವನಿಗೇ ಗೊತ್ತಿಲ್ಲ, ಮನೆ ಬಿಡುವಾಗ ಅದನ್ನು ಕೈಗೆ ತೆಗೆದುಕೊಳ್ಳುವುದು ಒಂದು ರೂಢಿ. ರಾಣೆಬೆನ್ನೂರಿಗೆ ಬಸ್ಸು ಹಿಡಿದು, ಅಲ್ಲಿಂದ ಹಲಗೇರಿಗೆ ಹೋಗಿ, ಉಳಿದ ಎರಡು ಮೈಲು ನಡೆದ.

ಬೇವಿನ ಕಟ್ಟೆ ಹಾಗೇ ಇತ್ತು, ಮರ ಮಾತ್ರ ದೊಡ್ಡದಾಗಿತ್ತು. ಪತ್ತಾರ ಬಂದಿದ್ದಾನೆಂದು ತಿಳಿದು ಜನ ಸೇರಿದರು. ಗುತ್ತೆವ್ವ ಮುದುಕಿಯಾಗಿದ್ದಳು, ಕುಡಿಯಲು ನೀರು ತಂದುಕೊಟ್ಟಳು. ಅವನು ಚುಚ್ಚಿದ ಮಕ್ಕಳಲ್ಲಿ ಹದಿನಾರು ಜನ ಊರಲ್ಲೇ ಇದ್ದರು. ಶಿವಾನಂದ ಅವರ ಕಿವಿ ನೋಡಿದ. ಒಂಬತ್ತು ಜನರ ಕಿವಿಯಲ್ಲಿ ಏನೂ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಕಾಲಕ್ಕೆ, ತಂಗಿಯ ಮದುವೆ ಆದ ಮೇಲೆ, ಪೇಟೆಯ ಕೆಲಸ ಬಿಟ್ಟ ಮೇಲೆ, ಇನ್ನು ಯಾರ ಹಂಗೂ ಇಲ್ಲ ಎನಿಸಿದ ಮೇಲೆ, ತೆಗೆದಿಟ್ಟು ಕಾಯುತ್ತಿದ್ದರು. ಅವರಲ್ಲಿ ಒಬ್ಬ ಕನಕಪ್ಪ, ಅಂದು ಸಾಲಿನಲ್ಲಿ ದುರ್ಗಾಳ ಹಿಂದೆ ನಿಂತಿದ್ದವನು. ಆರು ವರ್ಷದ ಹಿಂದೆ ಸ್ವಂತ ಟೆಂಪೋ ಕೊಂಡು, ಆ ದಿನವೇ ಮುರುವು ತೆಗೆದಿದ್ದ.

ಶಿವಾನಂದ ಕೂತುಕೊಳ್ಳಲಿಲ್ಲ. ನಿಂತೇ ಹೇಳಿದ. ಅಪ್ಪನ ಕಟ್ಟಳೆ, ಆ ಮದುಮಗಳು, ಶಾಲಿನ ಆಸೆ, ದುರ್ಗಾ ಕೇಳಿದ್ದು, ತಾನು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಗಾಳಿ ಬರುವುದಿಲ್ಲ ಎಂದ. ಎಷ್ಟು ವರ್ಷ ಕಾದರೂ ಬರುವುದಿಲ್ಲ ಎಂದ. ಇನ್ನು ಮುಂದೆ ಕೂಸು ತಂದವರಿಗೆ ಮೊದಲು ಇದನ್ನು ಹೇಳುತ್ತೇನೆ, ಕೇಳಿದ ಮೇಲೆ ನಿಮ್ಮಿಷ್ಟ. ನನ್ನ ಮಾತು ಕೇಳುವುದಾದರೆ ಕೂಸು ಬೆಳೆದು ಮಾತಾಡುವವರೆಗೆ ಕಾಯಿರಿ ಎಂದ. ಹೇಳಿ ಮುಗಿಸಿ, ಬೈಗುಳ ಬರಲಿ, ಕಲ್ಲೇ ಬರಲಿ ಎಂದು ತಲೆ ತಗ್ಗಿಸಿ ನಿಂತ.

ಯಾರೂ ಬೈಯಲಿಲ್ಲ. ಗುತ್ತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಯೊಳಗೆ ಹೋದಳು. ತಾನೇ ಕೈ ಮುಗಿದು ಕೇಳಿಕೊಂಡದ್ದು ಅವಳಿಗೆ ನೆನಪಿತ್ತು. ಕನಕಪ್ಪ ಎದ್ದು ಹತ್ತಿರ ಬಂದ.

"ಖರೇನ್ರಿ ಇದು?"

"ಖರೇ, ತಮ್ಮಾ."

ಕನಕಪ್ಪ ಅಂಗಿಯ ಒಳಜೇಬಿಗೆ ಕೈ ಹಾಕಿ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದ. ಅದರಲ್ಲಿ ಎರಡು ಮುರುವು ಇದ್ದವು, ಲಕ್ಷ್ಮಪ್ಪ ಕೊಟ್ಟವೇ. ಅವನ್ನು ಅಂಗೈಯ ಮೇಲಿಟ್ಟುಕೊಂಡು ನೋಡಿದ. ಕಟ್ಟೆಯ ಮೇಲೆ, ಅಂದು ಮಕ್ಕಳು ಕೂತ ಜಾಗದಲ್ಲೇ ಕೂತ.

"ಹಂಗಾರ ಚುಚ್ಚಿಬಿಡ್ರಿ," ಎಂದ. "ಇನ್ನ್ಯಾಕ ಬೋಳ ಕಿವಿ ಇಟಗೊಂಡು ಕುಂದರ್‌ಬೇಕು."

ಶಿವಾನಂದ ಬೇಡವೆನ್ನಲು ಬಾಯಿ ತೆರೆದ. ದುರ್ಗಾಳ ಮಾತು ನೆನಪಾಗಿ ಮುಚ್ಚಿಕೊಂಡ. ಚೀಲದಿಂದ ಡಬ್ಬಿ ತೆಗೆದ. ಹಾಲೆಯ ನಡುವೆ ತಾನೇ ಮಾಡಿದ ಹಳೆಯ ಗುರುತಿನ ಮೇಲೆ ಕುಂಕುಮದ ಚುಕ್ಕೆ ಇಟ್ಟ. ಎರಡು ಸಲ ತಂತಿ ಕೆಳಗಿಟ್ಟು ಮತ್ತೆ ಎತ್ತಿಕೊಂಡ. ತಂತಿ ದಾಟಿತು. ಕಟ್ಟೆಯ ಸುತ್ತ ಕೂತವರೆಲ್ಲ, ಶಿವಾನಂದನೂ, ತಲೆಯೆತ್ತಿ ಬೇವಿನ ಮರ ನೋಡಿದರು.

ಒಂದು ಎಲೆಯೂ ಅಲುಗಲಿಲ್ಲ. ಉಳಿದ ಎಂಟು ಜನ ಒಬ್ಬರ ಹಿಂದೊಬ್ಬರು ಎದ್ದು ಸಾಲಿನಲ್ಲಿ ನಿಂತರು.